ಅಳಿಯಾರ ಹಲಗಿ, ನನ್ನ ಶಾಮಿಯಾನಾ

ಮಂದೀನ ನಗಸಬೇಕು ಅಂತ ನಾ ಎಂದೂ ಹೊಂಟಾಂವಲ್ಲ. ನಂದು ಜಹೀರಾಬಾದದಾಗ ಒಂದು ಟೆಂಟ್‌ಹೌಸ್ ಅದ. ಶಾಮಿಯಾನಾ, ಗಾದಿ, ಲೋಡು, ಕುರ್ಚಿ, ಅಡಗಿ ಮಾಡೋ ದೊಡ್ಡ ಪಾತೇಲಿ, ಎಲ್ಲಾ ಬಾಡಿಗಿಗಿ ಕೊಡ್ತೀನಿ. ನಗೋ ಮನಿಗೂ ನಾನೇ ಹೋಗಬೇಕು, ಅಳೋ ಮನಿಗೂ ನಾನೇ ಹೋಗಬೇಕು. ಹೋದಲ್ಲೆಲ್ಲಾ ಏನರೇ ಒಂದು ಆಗೇ ಆಗ್ತದ. ಅದರಾಗ ನಮ್ಮ ಅಳಿಯಾರು ಮನಿಗಿ ಬರಾಕ ಶುರು ಮಾಡಿದ ಮ್ಯಾಲಂತೂ ಕೇಳಲೇ ಬ್ಯಾಡ್ರಿ. ಏನೂ ಆಗದೇ ಸಂಜಿ ಆತಂದ್ರ ನನ್ನ ಹೆಂಡ್ತಿ ನನ್ನ ಹಣಿ ಮುಟ್ಟಿ ನೋಡಿ, "ಯಾಕ್ರೀ, ಮೈಯಾಗ ಆರಾಮ ಇಲ್ಲೇನು?" ಅಂತಾಳ.

ನಾ ದವಾಖಾನಿಗಿ ಯಾಕ ಹೋಗಂಗಿಲ್ಲ

ಮೊದಲ ಇದೊಂದು ಹೇಳಿಬಿಡ್ತೀನಿ, ಮುಂದ ಬೇಕಾಗ್ತದ.

ನಾರಾಯಣಖೇಡದಾಗ ತೊಗರಿ ವ್ಯಾಪಾರ ಮಾಡೋ ಒಬ್ಬ ಗೆಳೆಯ ಅದಾನ. ಮೋಟರ್‌ಸೈಕಲ್ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡ. ನಮ್ಮೂರ ದವಾಖಾನ್ಯಾಗೇ ಸೇರ್ಸಿದ್ರು. ನೋಡಿ ಬರೋಣ ಅಂತ ಒಂದು ಚೀಲ ಮೋಸಂಬಿ ತಗೊಂಡು ಹೋದೆ. ಅವನ ಬಾಜೂ ಮಂಚದ ಮ್ಯಾಲ ಒಬ್ಬ ಮುದುಕ ಮಲಗಿದ್ದ, ಸುತ್ತಲೂ ಮಕ್ಕಳು, ಸೊಸ್ತೇರು ನಿಂತಿದ್ರು. ಅವರ ಮನಿ ಮದುವಿಗೂ ಮಣ್ಣಿಗೂ ಎಲ್ಲಾದಕ್ಕೂ ನಂದೇ ಶಾಮಿಯಾನಾ. ನನ್ನ ನೋಡಿದ್ದೇ ತಡ, ದೊಡ್ಡ ಮಗ ಓಡಿ ಬಂದು ನನ್ನ ರಟ್ಟಿ ಹಿಡಿದು ಮೂಲಿಗಿ ಕರ್ಕೊಂಡು ಹೋದ.

"ಯಾರು ಹೇಳಿ ಕಳಿಸ್ಯಾರ ಸೇಠ್ ನಿಮಗ? ಡಾಕ್ಟರ್ ಏನರೇ ಅಂದ್ರೇನು? ನಮಗ್ಯಾಕ ಹೇಳ್ಲಿಲ್ಲ?"

"ಯಾರೂ ಹೇಳಿಲ್ಲಪ್ಪಾ. ನಾ ಮೋಸಂಬಿ ಕೊಡಾಕ ಬಂದೀನಿ."

ಯಾರು ನಂಬ್ತಾರ? ಸೊಸ್ತೇರು ಸೆರಗು ಬಾಯಿಗಿ ಹಚ್ಚಿ ಅಳಾಕ ಶುರು ಮಾಡಿದ್ರು. ಆ ಗದ್ದಲಕ್ಕ ಮುದುಕ ಕಣ್ಣು ತೆಗದು ನನ್ನ ನೋಡಿದ. ಅಷ್ಟು ದಿನದಿಂದ ಮಗ್ಗಲಾ ಬದಲಸದಾಂವ ಸಟ್ಟನ ಎದ್ದು ಕೂತ. "ಏ ಟೆಂಟ್! ನಾ ಇನ್ನೂ ಅದೀನಿ. ಹೊರಗ ನಡಿ!" ಅಂತ ಚೀರಿದ.

ಡಾಕ್ಟರ್ ಬಂದು ನೋಡಿ, ನಾಡಿ ಹಿಡಿದು, ಹಾರ್ಟ್‌ಬೀಟ್ ಕೇಳಿ, ನನ್ನ ಕಡಿ ತಿರುಗಿ ಅಂದ್ರು, "ನೀವು ದಿನಾ ಒಮ್ಮಿ ಬಂದು ಹೋಗ್ರಿ."

ಆವತ್ತಿನಿಂದ ನಾ ಯಾವ ದವಾಖಾನಿ ಹೊಸ್ತಿಲಾನೂ ತುಳಿದಿಲ್ಲ.

ಊಟದ ಮಣಿ

ನಮ್ಮ ಅಳಿಯಾರು ತಾಂಡೂರದವರು. ನೆಲಕ್ಕ ಹಾಸೋ ಫರ್ಸಿ ಕಲ್ಲು ಪಾಲಿಶ್ ಮಾಡೋ ಕಾರ್ಖಾನ್ಯಾಗ ಸೂಪರ್‌ವೈಸರ್. ಬೀಡಿ ಇಲ್ಲ, ಗುಟ್ಕಾ ಇಲ್ಲ, ದನಿ ಏರಿಸಿ ಮಾತಾಡಿದ್ದು ಇಲ್ಲ. ಸಣ್ಣವರಿದ್ದಾಗೇ ಅಪ್ಪ ತೀರಿಕೊಂಡಾರ, ಕಾಕಾಂದ್ರ ಮನ್ಯಾಗ ಬೆಳದಾರ. ಅವರ ಮೈಮ್ಯಾಲ ಒಂದೇ ಒಂದು ಹುಚ್ಚು, ಅದು ನಮಗ ಮದುವಿ ಆದ ಮ್ಯಾಲ ಗೊತ್ತಾತು.

ಮದುವಿ ಆಗಿ ಮೊದಲ ಸಲ ಹೋಳಿಗಿ ಊಟಕ್ಕ ಬಂದಾಗ ಕೈಯಾಗ ಒಂದು ಹಲಗಿ ಹಿಡ್ಕೊಂಡು ಬಂದ್ರು. ಉದ್ದಂದು, ನುಣ್ಣಂದು, ಎರಡೂ ಕಡಿ ತುದಿ ದುಂಡಗ. ಅದನ್ನ ಪಡಸಾಲಿ ಗ್ವಾಡಿಗಿ ಆನಿಸಿ ಜಳಕಕ್ಕ ಹೋದ್ರು. ನನ್ನ ಹೆಂಡ್ತಿ ಅದನ್ನ ನೋಡಿ ಮಾರಿ ಸಣ್ಣದು ಮಾಡಿದ್ಳು.

"ನೋಡ್ರಿ, ಊಟಕ್ಕ ಕೂಡೋ ಮಣಿ ಸುದ್ದಾ ತಾವೇ ತಂದಾರ. ನಮ್ಮ ಮನ್ಯಾಗ ಒಂದು ಮಣಿ ಇಲ್ಲೇನು?"

"ತಾಂಡೂರ ಕಡಿ ಹಾಂಗೇ ಇರಬೇಕು, ಸುಮ್ನಿರು."

"ಕೆಳಗ ಗಾಲಿ ಅವಲ್ರೀ?"

ನಾ ಜರಾ ವಿಚಾರ ಮಾಡಿ, "ಊಟಾ ಆದ ಮ್ಯಾಲ ಹಿಂದ ಸರೀಲಾಕ ಇರಬೇಕು" ಅಂದೆ.

ಪಾಪ, ಆಕಿ ಅದನ್ನ ಒದ್ದಿ ಅರಬಿಲೆ ಒರಸಿದ್ಳು, ವಿಭೂತಿ ಹಚ್ಚಿದ್ಳು, ಸುತ್ತ ರಂಗೋಲಿ ಹಾಕಿ ಎದುರಿಗಿ ಬಾಳಿ ಎಲಿ ಬದಲು ಹಿತ್ತಾಳಿ ತಾಟ ಇಟ್ಟಳು. ಅಳಿಯಾರು ಜಳಕಾ ಮಾಡಿ ಬಂದವರು, ನೆಲದ ಕಡಿ ನೋಡ್ಲೇ ಇಲ್ಲ. ಹಿರಿಯರು ಮೊದಲ ಕೂಡಬೇಕು ಅನ್ನೋ ಸಂಸ್ಕಾರ. ಊಟಕ್ಕ ಬಂದಿದ್ದ ನಮ್ಮ ಅಣ್ಣನ ಕೈ ಹಿಡಿದು, "ದೊಡ್ಡವರು ನೀವು, ನೀವಿರಲಾಗ ನಾ ಕೂಡೋದು ಸರಿ ಅಲ್ರಿ" ಅಂತ ಅಲ್ಲೇ ಕೂಡಿಸಿಬಿಟ್ರು.

ನಮ್ಮ ಅಣ್ಣಂದು ಮೈ ಜರಾ ಭಾರ. ಕೂತಾಂವ ತಾಟ ಕೈಯಾಗ ಎತ್ಕೊಂಡ. ಅಷ್ಟೇ. ಅಳಿಯಾರ ಕಾರ್ಖಾನಿ ಫರ್ಸಿ ಹಾಸಿದ ಪಡಸಾಲಿ ದಾಟಿದ, ಅಡಗಿ ಮನಿ ಬಾಗಿಲಾ ದಾಟಿದ, ದೇವರ ಕೋಣಿ ಹೊಸ್ತಿಲಿಗಿ ಬಂದು ನಿಂತ. ತಾಟಿನಾಗಿನ ತುಪ್ಪ ಒಂದು ಹನಿ ಚೆಲ್ಲಿಲ್ಲ. ನಾವೆಲ್ಲಾ ಬೆನ್ನ ಹತ್ತಿ ಓಡಿದಿವಿ. ಅವ ಒಂದು ತುಂಡು ಹೋಳಿಗಿ ಮುರಿದು ಬಾಯಾಗ ಹಾಕ್ಕೊಂಡು, ಅಳಿಯಾರ ಕಡಿ ತಿರುಗಿ ಅಂದ, "ನಿಮ್ಮ ಕಾರ್ಖಾನಿ ಫರ್ಸಿ ಅಂದ್ರ ಫರ್ಸಿ ರೀ. ಎಷ್ಟು ಛಲೋ ಪಾಲಿಶ್ ಆಗ್ಯಾವ!"

ಗಾಳಿ ಭಾಳ ಅದ

ಆ ಹಲಗಿಗಿ ಸ್ಕೇಟ್‌ಬೋರ್ಡ್ ಅಂತಾರಂತ. ಅದರ ಮ್ಯಾಲ ಕೂಡೋದಲ್ಲಂತ, ನಿಂದ್ರೋದಂತ. ನಿಂತು ದಿಬ್ಬದ ಮ್ಯಾಲಿಂದ ಇಳಿಯೋದಂತ. ನಾರಾಯಣಖೇಡ ಕಡಿ ಹೋಗೋ ಹಾದ್ಯಾಗ ಕೆಂಪು ಮಣ್ಣಿನ ಒಂದು ದಿಬ್ಬ ಅದ. ಅದರ ನೆತ್ತಿಯಿಂದ ಹಳ್ಳದ ತನಕ ಹೊಸಾ ಡಾಂಬರ್ ಹಾಕ್ಯಾರ. ಮಗಳು ಕುಬುಸ ಮುಗಿಸ್ಕೊಂಡು ಹೆರಗಿಗಿ ನಮ್ಮ ಮನಿಗಿ ಬಂದ್ಳು. ಅಳಿಯಾರು ಆಕೀನ ನೋಡಾಕ ಆಯಿತವಾರಕ್ಕೊಮ್ಮಿ ಬರೋರು. ಬಂದವರು ಬೆಳಿಗ್ಗೆ ಹಾದಿ ಮ್ಯಾಲ ಮೋಟರಾ, ಲಾರಿ ಓಡಾಡಾಕ ಶುರು ಆಗೋದ್ರೊಳಗ ತಲಿಗಿ ಹೆಲ್ಮೆಟ್, ಮೊಳಕಾಲಿಗಿ ಸಣ್ಣ ಗಾದಿ ಇದ್ಹಾಂಗ ಏನೇನೋ ಕಟ್ಕೊಂಡು ದಿಬ್ಬಕ್ಕ ಹೋಗೋರು.

ಮಗಳು ಒಂದು ದಿನ ನನ್ನ ಕೈ ತನ್ನ ಹೊಟ್ಟಿ ಮ್ಯಾಲ ಇಟ್ಕೊಂಡು ಅಂದ್ಳು, "ಅಪ್ಪಾ, ನೀ ಹೇಳು ಅವರಿಗಿ, ಬ್ಯಾಡ ಅಂತ. ನಾ ಹೇಳಿದ್ರ ನಗ್ತಾರ. ಅವರ ಮನ್ಯಾಗ ಹೇಳೋರು ಯಾರೂ ಇಲ್ಲ. ನಂಗ ಭಾಳ ಅಂಜಿಕಿ ಆಗ್ತದ."

"ಹೇಳ್ತೀನಿ ತಾಯಿ. ಇವತ್ತೇ ಹೇಳ್ತೀನಿ" ಅಂತ ಮಾತು ಕೊಟ್ಟೆ.

ಮಾತು ಕೊಡೋದು ಸಸಾರ. ನಮ್ಮ ಕಡಿ ಅಳಿಯಾರಿಗಿ ಯಾರರೇ ಬ್ಯಾಡ ಅಂತಾರೇನ್ರಿ? ಅಳಿಯ ಅಂದ್ರ ಮನಿಗಿ ಬಂದ ದೇವರು. ಮದುವ್ಯಾಗ ಆ ಪಾದಾ ನನ್ನ ಕೈಯಾರ ತೊಳದೀನಿ. ತೊಳದ ಪಾದಕ್ಕ 'ಹಲಗಿ ಮ್ಯಾಲ ಇಡಬ್ಯಾಡ' ಅಂತ ಹ್ಯಾಂಗ ಹೇಳಲಿ? ಆದ್ರೂ ಧೈರ್ಯಾ ಮಾಡಿ ಬೆನ್ನ ಹತ್ತಿ ಹೋದೆ. ದಿಬ್ಬದ ನೆತ್ತಿ ಮ್ಯಾಲ ನಿಂತು, ಗಂಟಲಾ ಸರಿ ಮಾಡ್ಕೊಂಡು ಅಂದೆ:

"ಅಳಿಯಾರೇ..."

"ಹೇಳ್ರಿ ಮಾಮಾ."

"ಇವತ್ತ... ಗಾಳಿ ಭಾಳ ಅದ ನೋಡ್ರಿ."

"ಹೌದ್ರಿ ಮಾಮಾ, ಛಲೋ ಗಾಳಿ!" ಅಂತ ಖುಷಿಲೆ ಇಳದೇ ಬಿಟ್ರು.

ನನ್ನ ಜೀವ ಬಾಯಾಗ ಬಂತು. ಕೆಳಗ ಹಳ್ಳದ ಹತ್ರ ನಿಂತು ಕೈ ಬೀಸಿದಾಗ ತಿರುಗಿ ಹೊಟ್ಯಾಗ ಹೋತು. ಮ್ಯಾಲ ಬರಲಾಗ ಅವರಿಗಿ ಏದುಸಿರು ಬರಾಕತ್ತಿತ್ತು ಅಂತ ಹಲಗಿ ನಾನೇ ಹೊತ್ಕೊಂಡು ಬಂದೆ.

ಮನಿಗಿ ಬಂದ ಮ್ಯಾಲ ಮಗಳು ಬಾಗಿಲಾಗೇ ನಿಂತಿದ್ಳು. "ಹೇಳಿದ್ಯಾ ಅಪ್ಪಾ?"

"ಹೇಳ್ದೆ."

"ಏನಂದ್ರು?"

"ಛಲೋ ಅದ ಅಂದ್ರು."

ನಾಪು ಯಾರದು?

ಬ್ಯಾಡ ಅನ್ನಾಕ ಆಗಲಿಲ್ಲ ಅಂದ್ರ ಜರಾ ನಿಧಾನರೇ ಆಗ್ಲಿ. ಆ ದಾರಿ ನನಗ ಅಳಿಯಾರೇ ತೋರ್ಸಿದ್ರು. ಒಂದಿನ ಚಹಾ ಕುಡಿಯೋ ಮುಂದ ಮೊಬೈಲ್‌ನಾಗ ಒಂದು ವಿಡಿಯೋ ಹಚ್ಚಿದ್ರು. ಯಾವುದೋ ದೇಶದಾಗ ಒಬ್ಬಾಂವ ಹಿಂಗೇ ಹಲಗಿ ಮ್ಯಾಲ ನಿಂತು ಇಳಿಯಾಕತ್ತಾನ, ಕೈಯಾಗ ಎರಡು ಕೋಲಿಗಿ ಕಟ್ಟಿದ ದೊಡ್ಡ ಬಟ್ಟಿ. ಜೋರಾತು ಅನ್ನಿಸಿದಾಗ ಕೈ ಅಗಲಿಸ್ತಾನ, ಬಟ್ಟಿಗಿ ಗಾಳಿ ತುಂಬ್ತದ, ಹಲಗಿ ನಿಧಾನ ಆಗ್ತದ. ಕೈ ಕೂಡಿಸಿದ್ರ ಮತ್ತ ಓಡ್ತದ.

"ಹಡಗಿನ ಪಟ ಇದ್ಹಾಂಗ್ರಿ ಮಾಮಾ. ಖರೇ ಅಂದ್ರ ಉಲ್ಟಾ. ಅದು ಓಡಸಾಕ, ಇದು ನಿಂದ್ರಸಾಕ."

ನಿಂದ್ರಸಾಕ ಅನ್ನೋ ಮಾತು ಕೇಳಿ ನನ್ನ ಕಿವಿ ನಿಮಿರಿದ್ವು. ಬಟ್ಟಿಗೇನು ಕಮ್ಮಿ ಅದ ನನ್ನ ಹತ್ರ? ಆವಾಗೇ ಎದ್ದು ಗೋಡೌನಿಗಿ ಹೋದೆ. ಕೆಂಪು, ಹಳದಿ ಪಟ್ಟಿದು ಒಂದು ಹಳೇ ಶಾಮಿಯಾನಾ ತೆಗದೆ, ಅಂಚಿಗಿ ಹಸರು ಝಾಲರ್ ಇದ್ದದ್ದು. ನಮ್ಮಲ್ಲಿ ಶಾಮಿಯಾನಾ ಹೊಲಿಯೋ ಟೇಲರ್ ಚಾಚಾ ಅದಾರ, ಅವರ ಮುಂದ ಹಾಸಿ ಎಲ್ಲಾ ತಿಳಿಸಿ ಹೇಳ್ದೆ. ಚಾಚಾ ಕೊರಳಾಗಿನ ಟೇಪ್ ತೆಗದು ಬಟ್ಟಿ ಮ್ಯಾಲ ಹಾಸಿದ್ರು. ಆಮ್ಯಾಲ ಕೇಳಿದ್ರು, "ನಾಪ್ ಕಿಸ್ಕಾ ಲೇನಾ ಸೇಠ್? ದಾಮಾದ್ ಕಾ, ಯಾ ಹವಾ ಕಾ?"

ಅಳಿಯನ ಅಳತಿ ತಗೊಳ್ಲೋ, ಗಾಳಿ ಅಳತಿ ತಗೊಳ್ಲೋ ಅಂತ. "ಗಾಳೀದೇ ತಗೋರಿ ಚಾಚಾ. ಜರಾ ದೊಡ್ಡದೇ ಇರ್ಲಿ, ಬೆಳಿಯೋ ಮಕ್ಕಳಿಗಿ ಹೊಲಿತೀರಲ್ಲ ಹಾಂಗ" ಅಂದೆ.

ಆಯಿತವಾರ ಎಲ್ಲಾರೂ ದಿಬ್ಬಕ್ಕ ಹೋದಿವಿ. ಚಾಚಾ ಸುದ್ದಾ ಬಂದ್ರು. ಆವತ್ತ ಹಳ್ಳದ ಕಡಿಯಿಂದ ಎದುರು ಗಾಳಿ. ಅಳಿಯಾರು ಹಲಗಿ ಮ್ಯಾಲ ನಿಂತು ಒಂದು ನಾಲ್ಕು ಮಾರು ಇಳಿದು ಕೈ ಅಗಲಿಸಿದ್ರು. ಬಟ್ಟಿ ಭಪ್ಪ ಅಂತ ಉಬ್ಬಿತು. ಅಳಿಯಾರು ನಿಂತ್ರು. ಹೋಗಾಕೂ ಆಗವಲ್ದು, ಬರಾಕೂ ಆಗವಲ್ದು. ಇಳಿಜಾರಿನ ನಡುವ ಝಾಲರ್ ಫಡಫಡ ಅನ್ನಾಕತ್ತದ, ಅದರ ಹಿಂದ ನಮ್ಮ ಅಳಿಯಾರು ಪೂರಾ ಮುಚ್ಚಿ ಹೋಗ್ಯಾರ.

ಪಸ್ತಾಪುರ ಕಡಿ ಹೆಣ್ಮಕ್ಕಳು ನವಣಿ ಹೊಲದಾಗ ಕಸಾ ತೆಗ್ಯಾಕ ಹೊಂಟಿದ್ರು. ಹಾದಿ ನಡುವ ಶಾಮಿಯಾನಾ ನಿಂತದ್ದು ನೋಡಿ ಬುಟ್ಟಿ ಇಳಿಸಿ ನಿಂತ್ರು. ಒಬ್ಬಾಕಿ ಬಟ್ಟಿ ಎದುರಿಗಿ ಹೋಗಿ ಕೇಳಿದ್ಳು, "ಯಾರ ಮದುವಿ ರೀ? ಊಟಾ ಎಲ್ಲಿ?"

ಬಟ್ಟಿ ಹಿಂದಿಂದ ಅಳಿಯಾರ ದನಿ ಬಂತು, "ಮದುವಿ ಆಗ್ಯಾದ್ರಿ ಅಕ್ಕಾ. ಈಗ ಹೆರಗಿ."

ನಂಗಂತೂ ಆನಂದ ಅಂದ್ರ ಆನಂದ. ಬ್ಯಾಡ ಅನ್ನದೇನೇ ಅಳಿಯಾರು ನಿಂತ ಜಾಗಾದಾಗೇ ನಿಂತಾರ! ಓಡಿ ಹೋಗಿ ಚಾಚಾರ ಕೈ ಹಿಡಿದೆ. "ಚಾಚಾ, ಅಳತಿ ಬರೋಬ್ಬರಿ ಅದ. ಒಂದು ಬೊಟ್ಟೂ ಕಮ್ಮಿ ಮಾಡಬ್ಯಾಡ್ರಿ."

ಬಸ್ಸಿನಾಗಿನ ಹೆಣ್ಮಗಳು

ಅಳಿಯಾರು ಬಿಡ್ತಾರೇನು? ತಾವೇ ಚಾಚಾರ ಹತ್ರ ಕೂತು ಬಟ್ಟಿ ಸಣ್ಣದು ಮಾಡಿಸ್ಕೊಂಡ್ರು. ಮುಂದಿನ ವಾರ ಛಂದಾಗಿ ಇಳಿಯಾಕತ್ತಿದ್ರು. ಕೈ ಅಗಲಿಸೋದು, ಕೂಡಿಸೋದು, ಅಗಲಿಸೋದು, ಕೂಡಿಸೋದು. ಖರೇ ಹೇಳ್ತೀನಿ, ನೋಡಾಕ ಛಂದ ಇತ್ತು. ಅಷ್ಟರಾಗ ಕೆಳಗಿಂದ ನಾರಾಯಣಖೇಡ ಬಸ್ ಏರಿ ಬಂತು.

ಡ್ರೈವರ್ ನೋಡಿದ. ಮ್ಯಾಲಿಂದ ಮದುವಿ ಶಾಮಿಯಾನಾ ತಾನೇ ತಾನಾಗಿ ಇಳಿದು ಬರಾಕತ್ತದ. ಅವ ಬ್ರೇಕ್ ಹಾಕಿದ, ಅಳಿಯಾರೂ ಬಟ್ಟಿ ಅಗಲಿಸಿ ಬಾಜೂಕ ನಿಂತ್ರು. ಬಸ್ಸಿನಾಗಿನ ಮಂದಿ ಎಲ್ಲಾ ಕೆಳಗ ಇಳದ್ರು. ನಾ ಮ್ಯಾಲಿಂದ ಓಡ್ಕೋತ ಬಂದು ಮುಟ್ಟೋದ್ರಾಗ ಒಬ್ಬ ಹೆಣ್ಮಗಳು ಅಳಿಯಾರ ಕೈಯಾಗಿನ ಬಟ್ಟಿ ಹಿಡಿದು ನಿಂತಿದ್ಳು.

"ಈ ಬಟ್ಟಿ ನಂದು! ನನ್ನ ಮದುವಿ ಶಾಮಿಯಾನಾ ಇದು!"

"ಇಲ್ಲವ್ವ, ಇಂಥಾವು ನನ್ನ ಹತ್ರ ಭಾಳ ಅವ" ಅಂದೆ.

"ನನಗ ಹೇಳ್ತೀರೇನು? ಇಲ್ಲಿ ನೋಡ್ರಿ ತೂತು. ನಮ್ಮ ಮೈದುನ ಪಟಾಕ್ಷಿ ಹಾರಿಸಿ ಸುಟ್ಟದ್ದು. ನೀಲಿ ದಾರಲೆ ರಫೂ ಮಾಡೀರಿ. ಮುಹೂರ್ತದಾಗ ತಲಿ ಎತ್ತಬಾರದು ಅಂತಿದ್ರು, ನಾ ಎತ್ತಿ ಎತ್ತಿ ಇದೊಂದೇ ತೂತು ನೋಡೀನಿ."

ಖರೇನೇ ಅಲ್ಲಿ ನೀಲಿ ದಾರದ ರಫೂ ಇತ್ತು. ಆಕಿ ಬಸ್ಸಿನ ಕಡಿ ತಿರುಗಿ ಗಂಡಗ ಹುಕುಂ ಮಾಡಿದ್ಳು, "ಇಳೀರಿ ಕೆಳಗ! ಬರ್ರಿ ಇಲ್ಲಿ!" ಆ ಮನಶಾ ಚೀಲ ಬಗಲಾಗ ಹಿಡ್ಕೊಂಡು ನಿಧಾನಕ ಇಳದು ಬಂದ. ಕಂಡಕ್ಟರ್ ಬಾಗಿಲಾಗ ನಿಂತು "ಎಕ್ಕಂಡಿ, ಎಕ್ಕಂಡಿ, ಟೈಮ್ ಅವುತುಂದಿ" ಅಂತ ತೆಲುಗಿನಾಗ ಮಂದೀನ ಹತ್ತಾಕ ಒದರಾಕತ್ತಾನ. ಯಾರು ಹತ್ತತಾರ? ಎಲ್ಲಾರಿಗೂ ಮುಂದೇನಾಗ್ತದ ನೋಡಬೇಕು.

ಅಳಿಯಾರು ಏನು ಮಾಡಿದ್ರು ಅಂದ್ರ, ಎರಡೂ ಕೋಲು ಎತ್ತಿ ಆ ಗಂಡಹೆಂಡ್ತಿ ತಲಿ ಮ್ಯಾಲ ಬಟ್ಟಿ ಹಿಡಿದು ನಿಂತ್ರು. ಬೆಳಗಿನ ಬಿಸಲು ಕೆಂಪು, ಹಳದಿ ಆಗಿ ಅವರ ಮಾರಿ ಮ್ಯಾಲ ಬಿತ್ತು. ಯಾರೋ ಫೋಟೊ ತೆಗದ್ರು. ಹೆಣ್ಮಗಳು ನಾಚಿ ಸೆರಗು ಸರಿ ಮಾಡ್ಕೊಂಡ್ಳು. ಕೈ ನೋಯಲಿ, ಬಸ್ ಹೋಗ್ಲಿ, ಅಳಿಯಾರು ಕೈ ಇಳಿಸಲಿಲ್ಲ. ಅವರಿಬ್ಬರ ಮಾರಿ ನೋಡಿ ತಾವೂ ನಗಾಕತ್ತಿದ್ರು. ಆ ಹುಡುಗನ ಮ್ಯಾಲ ನನಗ ಅಂತಃಕರಣ ಉಕ್ಕಿ ಬಂದದ್ದು ಆವತ್ತ. ಅಲ್ಲಿ ತನಕ ಮಗಳ ಗಂಡ ಇದ್ರು, ಆವತ್ತಿನಿಂದ ನನ್ನವರೇ ಆದ್ರು.

ಹೆಣ್ಮಗಳು ಗಂಡಗ ಕೇಳಿದ್ಳು, "ಇದರ ಕೆಳಗೇ ನಿಂತು ಏನಂದಿದ್ರಿ ನೀವು? ಮುಂದಿನ ತಿಂಗಳು ಹೈದರಾಬಾದ್ ತೋರಸ್ತೀನಿ ಅಂದಿದ್ರಿಲ್ಲ? ಎಲ್ಲಿ ಅದ ಹೈದರಾಬಾದ್?"

ಆ ಮನಶಾ ಸೀದಾ ನನ್ನ ಹತ್ರ ಬಂದು ಕಿವ್ಯಾಗ ಅಂದ, "ಏನ್ ಸೇಠ್, ಬಟ್ಟಿ ಹಳೇದಾದ ಮ್ಯಾಲ ಸುಟ್ಟು ಹಾಕಬಾರದಾ?"

ಹಿಂದಿನ ಗಾಳಿ

ಹೆರಗಿ ದಿನ ಹತ್ರ ಬಂದ್ವು. ಮಗಳು ದಿನಾ ಕೇಳ್ತಾಳ, "ಹೇಳಿದ್ಯಾ ಅಪ್ಪಾ?" ನಾ ದಿನಾ ಹೇಳ್ತೀನಿ, "ಈ ಆಯಿತವಾರ ಗ್ಯಾರಂಟಿ." ಹೆಂಡ್ತಿ ಒಮ್ಮಿ ತಾನೇ ಹೇಳ್ತೀನಿ ಅಂತ ಅಳಿಯಾರ ಮುಂದ ಹೋಗಿ ನಿಂತಾಕಿ, ಬಿಸಲಾಗ ತಲಿ ಕಾಯ್ತದ ಅಂತ ಹೆಲ್ಮೆಟ್‌ನಾಗ ಇಡಾಕ ಒದ್ದಿ ದಸ್ತಿ ಕೊಟ್ಟು ಬಂದ್ಳು.

ಆ ಆಯಿತವಾರ ನಾ ಮನಸು ಗಟ್ಟಿ ಮಾಡ್ಕೊಂಡೇ ಹೋಗಿದ್ದೆ. ಸ್ಕೂಟರ್ ಕೆಳಗ ಹಳ್ಳದ ಹತ್ರ ಬೇವಿನ ಗಿಡದ ಬುಡಕ ನಿಂದ್ರಿಸಿ ಇಬ್ಬರೂ ನಡ್ಕೋತ ನೆತ್ತಿಗಿ ಹೋದಿವಿ. ಇನ್ನೇನು ಬಾಯಿ ತೆಗೀಬೇಕು, ಹೆಂಡ್ತಿ ಫೋನ್ ಬಂತು. "ರಾತ್ರಿಯಿಂದ ನೋವು ತಡ್ಕೊಂಡಾಳಂತ್ರಿ, ಈಗ ಜೋರಾಗ್ಯಾವ. ಬಾಜೂ ಮನಿಯವರ ಆಟೋದಾಗ ದವಾಖಾನಿಗಿ ಹೊಂಟೀವಿ. ಲಗೂನ ಬರ್ರಿ."

"ಅಳಿಯಾರೇ, ಈ ಚಾವಿ ತಗೋರಿ. ನೀವು ಹಲಗಿ ಮ್ಯಾಲ ಲಗೂನ ಇಳಿದು ಸ್ಕೂಟರ್ ತಗೊಂಡು ಹೋಗ್ರಿ. ನಾ ಹಿಂದಿಂದ ಬರ್ತೀನಿ" ಅಂದೆ.

ಅಳಿಯಾರು ಚಾವಿಗಿ ಕೈ ಚಾಚಲಿಲ್ಲ. ಅಷ್ಟು ದೊಡ್ಡ ದಿಬ್ಬಕ್ಕ ಅಂಜದಾಂವ ಬಿಳಿಚಿ ಹೋಗಿದ್ದ.

"ಮಾಮಾ, ನಾ ಒಬ್ಬನೇ ಹೋಗಾಂವಲ್ಲ. ಅಪ್ಪಾನ ದವಾಖಾನಿಗಿ ಕರ್ಕೊಂಡು ಹೋಗಿದ್ರು. ನನಗ ಹೊರಗ ಕೂಡಿಸಿದ್ರು. ತಿರುಗಿ ಬರಲೇ ಇಲ್ಲ. ಆವತ್ತಿನಿಂದ ಆ ಬಾಗಿಲಾ ನೋಡಿದ್ರ ನನ್ನ ಕಾಲಾಗ ಜೀವ ಇರಂಗಿಲ್ಲ. ನೀವು ಬರ್ರಿ ಜೋಡಿ."

ನಡ್ಕೋತ ಇಳಿದ್ರ ಭಾಳ ಹೊತ್ತು ಹಿಡೀತದ. ನಾ ಹಲಗಿ ನೋಡಿದೆ, ಹಲಗಿ ನನ್ನ ನೋಡ್ತು. ದವಾಖಾನಿಗಿ ನಾ ಬಂದ್ರ ಮಂದಿ ಏನಂತಾರ ಅನ್ನೋದು ನೆನಪಾತು. ಮಗಳ ಮಾರಿ ಕಣ್ಣ ಮುಂದ ಬಂತು. "ಶಿವಶಿವಾ" ಅಂತ ಧೋತರ ಕಚ್ಚಿ ಬಿಗಿ ಮಾಡ್ಕೊಂಡು ಹಲಗಿ ಮ್ಯಾಲ ಕುಕ್ಕರಗಾಲಿಲೆ ಕೂತೆ. ಅಳಿಯಾರು ತಮ್ಮ ಹೆಲ್ಮೆಟ್ ತೆಗದು ನನ್ನ ತಲಿಗಿ ಹಾಕಿದ್ರು. ಹಿಂದ ನಿಂತು ಬಟ್ಟಿ ಹಿಡಿದ್ರು. "ಅಂಜಬ್ಯಾಡ್ರಿ ಮಾಮಾ. ಮೊದಲಿಂದಾನೇ ಬಟ್ಟಿ ಅಗಲಿಸಿ ಇಡ್ತೀನಿ, ಆಮಿ ನಡದ್ಹಾಂಗ ಹೋಗೋಣ."

ಅಗಲಿಸಿದ್ರು. ಆವತ್ತ ಗಾಳಿ ಹಳ್ಳದ ಕಡಿಯಿಂದ ಬರಾಕತ್ತಿದ್ದಿಲ್ಲ. ನಮ್ಮ ಬೆನ್ನಿಂದ ಬರಾಕತ್ತಿತ್ತು. ಗಡಿಬಿಡ್ಯಾಗ ಇಬ್ಬರೂ ನೋಡಿದ್ದಿಲ್ಲ.

ಬಟ್ಟಿ ಭಪ್ಪ ಅಂತ ಮುಂದಕ್ಕ ಉಬ್ಬಿ ನನ್ನ ಕಣ್ಣ ಮುಂದ ಬಂತು. ನಿಂದ್ರಸೋ ಬಟ್ಟಿ ನಮ್ಮನ್ನ ಜಗ್ಗಿಕೊಂಡು ಹೊಂಟಿತು! ಕೆಂಪು, ಹಳದಿ ಬಿಟ್ರ ನನಗೇನೂ ಕಾಣವಲ್ದು. ಇಷ್ಟು ತಿಂಗಳು ಹೊಟ್ಯಾಗ ಇಟ್ಕೊಂಡದ್ದೆಲ್ಲಾ ಬಾಯಿಗಿ ಬಂತು.

"ಲೇ! ಲೇ ಹುಚ್ಚಪ್ಪಾ! ಮಡಚಲೇ ಬಟ್ಟಿ! ಏ ದನಾ, ಕಣ್ಣಿಗಿ ಏನು ಸುಣ್ಣಾ ಹಚ್ಗೊಂಡಿಯೇನು? ವಾರಾ ವಾರಾ ನಿನ್ನ ಸಲುವಾಗಿ ನನ್ನ ಎದಿ ಢವಢವ ಅಂತದ, ಗೊತ್ತದೇನು ನಿನಗ? ಅಲ್ಲಿ ಹೆಂಡ್ತಿ ನೋವು ತಿನ್ನಾಕತ್ತಾಳ, ಇಲ್ಲಿ ನೀ ಮಾವನ್ನ ಕೊಲ್ಲಾಕ ನಿಂತಿ! ಮಡಚೋ, ಕತ್ತೆ! ಕಾಲು ಹಚ್ಚೋ ನೆಲಕ್ಕ!"

ಬಟ್ಟಿ ಮಡಚಿದ, ಒಂದು ಕಾಲು ನೆಲಕ್ಕ ಹಚ್ಚಿ ತಿಕ್ಕಿದ. ಹಳ್ಳದ ಹತ್ರ ಹಾದಿ ಸಪಾಟ ಆದ ಮ್ಯಾಲ ಹಲಗಿ ತಾನೇ ನಿಧಾನ ಆಗಿ ಬೇವಿನ ಗಿಡದ ಬುಡಕ ನಿಂತಿತು. ಇಬ್ಬರಿಗೂ ಒಂದು ತರಚು ಗಾಯ ಸುದ್ದಾ ಇಲ್ಲ. ಹಿಂದ ತಿರುಗಿ ನೋಡಿದೆ. ಹುಡುಗನ ಕಣ್ಣಾಗ ನೀರು, ಮಾರಿ ಮ್ಯಾಲ ನಗು. ನನಗ ಭೂಮಿ ಬಾಯಿ ತೆಗದ್ರ ಸಾಕನ್ನಿಸಿತು. ಪಾದಾ ತೊಳದ ಅಳಿಯಾರಿಗಿ ದನಾ ಅಂದೀನಿ, ಕತ್ತೆ ಅಂದೀನಿ.

"ಅಳಿಯಾರೇ, ಬಾಯಿ ತಪ್ಪಿ..."

"ಸ್ಕೂಟರ್ ಹತ್ರಿ ಮಾಮಾ" ಅಂದ್ರು ಅಷ್ಟೇ.

ದವಾಖಾನಿ ಬಾಗಿಲಾಗ ಅವರ ಕಾಲು ನಿಂತ್ವು. ನಾ ಅವರ ಕೈ ಗಟ್ಟಿ ಹಿಡ್ಕೊಂಡು ಒಳಗ ನಡದೆ. ಗಡಿಬಿಡ್ಯಾಗ ಆ ಬಟ್ಟಿ ನನ್ನ ಹೆಗಲ ಮ್ಯಾಲೇ ಉಳಿದಿತ್ತು, ತಲಿ ಮ್ಯಾಲ ಹೆಲ್ಮೆಟ್ ಬ್ಯಾರೆ. ಹೆಗಲ ಮ್ಯಾಲ ಶಾಮಿಯಾನಾ ಹೊತ್ತು ಟೆಂಟ್‌ಹೌಸ್ ಸೇಠ್ ಬಂದದ್ದು ನೋಡಿ ಇಡೀ ವರಾಂಡ ಎದ್ದು ನಿಂತಿತು. ಎಲ್ಲಾರೂ ತಮ್ಮ ತಮ್ಮ ಮಂದಿ ಮಲಗಿದ ಕೋಣಿ ಕಡಿ ಓಡಿದ್ರು. ಬೆಂಚಿನ ಮ್ಯಾಲ ಕೂತ ಒಬ್ಬ ಮುದುಕಿ ಕೈ ಮುಗಿದು ಕೇಳಿದ್ಳು, "ಯಾರು ಹೋದ್ರಪ್ಪಾ?"

ಅಷ್ಟರಾಗ ಒಳಗಿಂದ ಕೂಸಿನ ಅಳು ಕೇಳಿಸ್ತು. ನನ್ನ ಹೆಂಡ್ತಿ ಬಾಗಿಲಾ ತೆಗದು, "ಹೆಣ್ಣು ಕೂಸು ರೀ! ಇಬ್ಬರೂ ಆರಾಮ ಅದಾರ" ಅಂದ್ಳು.

"ಯಾರೂ ಹೋಗಿಲ್ಲವ್ವ, ನಮ್ಮ ಮನಿಗಿ ಬಂದಾಳ" ಅಂದೆ ಮುದುಕಿಗಿ. ಅಳು ತಡಿಯಾಕ ಆಗಲಿಲ್ಲ, ಅದೇ ಶಾಮಿಯಾನಾಲೆ ಕಣ್ಣು ಒರಸ್ಕೊಂಡೆ.

ಮಗಳು ದಣಿದು ಮಲಗಿದ್ಳು. ಅಳಿಯಾರು ಕೂಸಿನ ಹತ್ರ ಕೂತು ಒಂದು ಬೊಟ್ಟಿಲೆ ಅದರ ಅಂಗೈ ಮುಟ್ಟಿ ಮುಟ್ಟಿ ನೋಡಾಕತ್ತಿದ್ರು. ಮಗಳು ಕಣ್ಣು ತೆಗದು ನನ್ನ ತಲಿ ಮ್ಯಾಲಿನ ಹೆಲ್ಮೆಟ್ ನೋಡಿದ್ಳು. ಮೊದಲ ಮಾತು ಅದೇ.

"ಹೇಳಿದ್ಯಾ ಅಪ್ಪಾ?"

ಎಲ್ಲಾ ಹೇಳಿದ್ದೆ. ದನಾ ಅಂದಿದ್ದೆ, ಕತ್ತೆ ಅಂದಿದ್ದೆ. 'ಇನ್ನ ಹಲಗಿ ಹತ್ತಬ್ಯಾಡ' ಅನ್ನೋದೊಂದೇ ಹೇಳಿದ್ದಿಲ್ಲ. ಗಂಟಲಾ ಸರಿ ಮಾಡ್ಕೊಂಡೆ.

"ಅಳಿಯಾರೇ..."

"ಹೇಳ್ರಿ ಮಾಮಾ."

"ಇವತ್ತ... ಗಾಳಿ ಭಾಳ ಅದ ನೋಡ್ರಿ."

"ಹೌದ್ರಿ ಮಾಮಾ." ಎದ್ದು ಹೋಗಿ ಕೂಸಿನ ಕಡಿಗಿನ ಕಿಡಕಿ ಮುಚ್ಚಿ ಬಂದ್ರು.

ಮಗಳು ಹೊಟ್ಟಿ ಹಿಡ್ಕೊಂಡು, "ನಗಸಬ್ಯಾಡಪ್ಪಾ, ನೋಯ್ತದ" ಅಂತ ನಕ್ಕಳು. ಅಳಿಯಾರು ನಗಲಿಲ್ಲ. ನನ್ನ ಬಾಜೂ ಬಂದು ಕೂತು, ನೆಲಾ ನೋಡ್ಕೋತ ಸಣ್ಣ ದನಿಲೆ ಅಂದ್ರು, "ದಿಬ್ಬದ ಮ್ಯಾಲ ಬೈದ್ರಲ್ಲ ಮಾಮಾ, ಛಲೋ ಅನ್ನಿಸ್ತು. ಅಪ್ಪ ಹೋದ ಮ್ಯಾಲ ನನಗ ಯಾರೂ ಬೈದಿಲ್ಲ. ಕಾಕಾಂದ್ರ ಮನ್ಯಾಗೂ ಬರ್ರಿ ಕೂಡ್ರಿ, ನಿಮ್ಮ ಮನ್ಯಾಗೂ ಬರ್ರಿ ಕೂಡ್ರಿ. ಎಲ್ಲಿ ಹೋದ್ರೂ ಬಂದು ಹೋಗೋ ಬೀಗನೇ ಆಗೀನಿ, ಮನಿ ಮಗ ಆಗಿಲ್ಲ."

ಎದ್ದು ನಿಂತೆ. ಹೆಲ್ಮೆಟ್ ತೆಗದು ಮಂಚದ ಮ್ಯಾಲ ಇಟ್ಟೆ. ಪೂರಾ ದವಾಖಾನಿ ಕೇಳೋ ಹಾಂಗ ಒದರಿದೆ:

"ಲೇ! ಈ ಕೂಸು ನಡಿಯಾಕ ಕಲಿಯೋ ತನಕ ಆ ಹಲಗಿ ಹತ್ತಿದಿ ಅಂದ್ರ ನಿನ್ನ ಕಾಲು ಮುರೀತೀನಿ ಮಗನ! ತಿಳೀತೇನು?"

ನರ್ಸ್ ಓಡಿ ಬಂದ್ಳು, ಆ ಮುದುಕಿ ಇಣಕಿ ನೋಡಿದ್ಳು. ನನ್ನ ಹೆಂಡ್ತಿ ಹೌಹಾರಿ ಅಳಿಯಾರ ಮುಂದ ಬಂದು ಎರಡೂ ಕೈ ಜೋಡಿಸಿದ್ಳು, "ತಪ್ಪು ತಿಳೀಬ್ಯಾಡ್ರಿ ಅಳಿಯಾರೇ. ವಯಸ್ಸಾಗ್ಯದ ಅವರಿಗಿ, ಮಾತಿನ ಮ್ಯಾಲ ಹಿಡ್ತ ಇಲ್ಲ."

ಅಳಿಯಾರ ಮಾರಿ ಅರಳಿ ನಿಂತಿತ್ತು. ಕೂಸನ್ನ ಎತ್ತಿ ಎದಿಗಿ ಹಚ್ಗೊಂಡು ಅಂದ್ರು:

"ಅತ್ತಿ, ಇನ್ನೊಮ್ಮಿ ಬೈಯಾಕ ಹೇಳ್ರಿ. ಈಕೀನೂ ಕೇಳ್ಲಿ."